ನಮ್ಮ ಕಿಂಡಿ ಮುಚ್ಚಿದ ಮಾರ್ಬಲ್ ಶೀಟಿನವರ ಸನ್ನಿಧಾನಕ್ಕೆ

ಮಾನ್ಯರೇ,

ನಮ್ಮ ಪಡಸಾಲೆಯ ಗೋಡೆಯನ್ನು ಈಚೆಗೆ ಆಕ್ರಮಿಸಿ ಕೂತಿರುವ, ಮೈತುಂಬ ಚಿನ್ನದ ಗೆರೆಗಳುಳ್ಳ, ತೂಕದಲ್ಲಿ ಮಾತ್ರ ಹಪ್ಪಳದ ಬಳಗಕ್ಕೆ ಸೇರಿದ ತಮಗೆ, ಕಂಗ್ಟಿ ಮಂಡಲದ ಒಂದು ಕುರಿ ಸಾಕುವ ಮನೆಯ ಕಿರಿಯ ಸೊಸೆ ರಾಜೇಶ್ವರಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿಯೇ ಇರಬೇಕು. ಏಕೆಂದರೆ ತಮ್ಮ ಕ್ಷೇಮಕ್ಕಾಗಿ ಆ ಗೋಡೆಗೆ ಯಾರೂ ಬೆನ್ನು ಕೊಡಬಾರದು, ಮೊಳೆ ಹೊಡೆಯಬಾರದು, ಕಂಬಳಿ ತೂಗುಹಾಕಬಾರದು, ಬಿಸಿ ಚಹಾ ಹಿಡಿದು ಹತ್ತಿರ ಸುಳಿಯಬಾರದು ಎಂಬ ಕಾನೂನು ನಮ್ಮ ಮನೆಯಲ್ಲಿ ಜಾರಿಯಾಗಿದೆ. ಹೊಸ ಅಳಿಯನಿಗೂ ನಾವು ಇಷ್ಟು ಅಂಜುವವರಲ್ಲ.

ದೂರು ಹೇಳುವ ಮೊದಲು ಒಂದೆರಡು ಒಳ್ಳೆಯ ಮಾತು ಬರೆಯಬೇಕೆಂದು ಔರಾದ ಕಡೆಯ ನನ್ನ ತವರಿನ ಕನ್ನಡ ಶಾಲೆಯ ಮಾಸ್ತರು ಕಲಿಸಿದ್ದರು. ಆದ್ದರಿಂದ ತಮ್ಮ ಆಗಮನದ ವೈಭವವನ್ನು ಮೊದಲು ನೆನೆಯುತ್ತೇನೆ. ನನ್ನ ಮಗಳು ಲಾವಣ್ಯಳ ನಿಶ್ಚಿತಾರ್ಥಕ್ಕೆ ತಾಂಡೂರಿನಿಂದ ಬೀಗರು ಬರುವವರಿದ್ದರು. ಮಣ್ಣು ಮೆತ್ತಿದ ಕಲ್ಲುಗೋಡೆಯ ಮುಂದೆ ಅವರನ್ನು ಕೂಡಿಸುವುದು ಹೇಗೆಂದು ನಾನು ಸಂಕಟಪಡುತ್ತಿದ್ದಾಗ, ಜಹೀರಾಬಾದಿನಲ್ಲಿ ಮನೆ ಅಲಂಕಾರದ ಅಂಗಡಿಯೊಂದರಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಸುನೀಲ "ನಾ ಅದೀನಲ್ಲಕ್ಕಾ" ಎಂದು ಎದೆ ತಟ್ಟಿಕೊಂಡ. ನಿಜವಾದ ಅಮೃತಶಿಲೆಯಾಗಿದ್ದರೆ ಊರಿನ ಗಟ್ಟಿ ಆಳುಗಳೆಲ್ಲ ಹೆಗಲು ಕೊಡಬೇಕಿತ್ತು; ತಾವೋ ಪ್ಲಾಸ್ಟಿಕ್ಕಿನವರು, ಆಟೋದ ಮೇಲೆ ಮಲಗಿ ಬರುವಾಗ ನಾರಾಯಣಖೇಡ ದಾಟುತ್ತಲೇ ಗಾಳಿಗೆ ಎದ್ದು, ತಮ್ಮನ್ನು ಹಿಡಿದುಕೊಂಡಿದ್ದ ಸುನೀಲನನ್ನೂ ಕರೆದುಕೊಂಡು ತೊಗರಿ ಹೊಲದ ಕಡೆ ಹೊರಟಿದ್ದಿರಂತೆ. ನಮ್ಮ ನೆಲದಲ್ಲಿ ಅಸಲಿ ತಾಂಡೂರು ಕಲ್ಲು ಎಲ್ಲರ ಕಾಲಧೂಳು ಹೊತ್ತು ಬಿದ್ದಿದೆ, ಗೋಡೆಯ ಮೇಲೆ ತಾವು ಸುತ್ತಲೂ ಲೈಟು ಹಾಕಿಸಿಕೊಂಡು ಮೆರೆಯುತ್ತಿದ್ದೀರಿ. ಲೋಕವೇ ಹೀಗಿರುವಾಗ ತಮ್ಮನ್ನೊಬ್ಬರನ್ನೇ ಅಂದು ಏನು ಫಲ.

ಹೊಗಳಿಕೆ ಮುಗಿಯಿತು. ಇನ್ನು ತಾವು ಯಾವುದರ ಮೇಲೆ ಕೂತಿದ್ದೀರಿ ಎಂಬುದನ್ನು ಸವಿನಯವಾಗಿ ತಿಳಿಸುತ್ತೇನೆ. ಆ ಗೋಡೆಯ ಆಚೆಗಿರುವುದು ನನ್ನ ಭಾವ ಖಂಡೆಪ್ಪನವರ ಮನೆ. ಒಂದೇ ಮನೆಯಾಗಿದ್ದದ್ದನ್ನು ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ನಡುವೆ ಗೋಡೆ ಎಬ್ಬಿಸಿದಾಗ, ಈಗ ಇಲ್ಲದ ನಮ್ಮ ಅತ್ತೆ ಗುಂಡಮ್ಮ ಗೌಂಡಿಯ ಕೈ ಹಿಡಿದು, "ಇಲ್ಲಿ ಒಂದ ಕಲ್ಲ ಬಿಡಪ್ಪಾ, ಗಂಡಸರು ಬೇಕಾದಷ್ಟು ಜಗಳಾಡ್ಲಿ, ನನ್ನ ಸೊಸೆಂದ್ರು ಹೆಪ್ಪು ಎಲ್ಲಿಂದ ತರಬೇಕು?" ಎಂದಿದ್ದರು. ಆ ಒಂದು ಕಲ್ಲಿನ ಜಾಗವೇ ನಮ್ಮ ಕಿಂಡಿ. ನನ್ನ ನೆಗೆಣ್ಣಿ, ಅಂದರೆ ಭಾವನ ಹೆಂಡತಿ ಈಶಮ್ಮಕ್ಕ ಮತ್ತು ನಾನು ಹೆಪ್ಪು, ಬಿಸಿ ರೊಟ್ಟಿ, ಕಾರದ ಪುಡಿ, ತಲೆನೋವಿನ ಗುಳಿಗೆ, ಫೋನಿನ ಚಾರ್ಜರು, ಊರವರ ಸುದ್ದಿ ಎಲ್ಲವನ್ನೂ ಅಲ್ಲಿಂದಲೇ ಸಾಗಿಸಿದವರು. ನಮ್ಮ ಓಣಿಯಲ್ಲಿ ಇಂಥ ಕಿಂಡಿಯನ್ನು ಮುಚ್ಚುವುದೆಂದರೆ ಸಂಬಂಧ ಹರಿಯಿತು ಎಂದು ಸಾರಿದ ಹಾಗೆ.

ನಾನು ಕೊಹೀರಿನ ನೆಂಟರ ಮದುವೆಗೆ ಹೋಗಿ ಬರುವುದರೊಳಗೆ ತಾವು ಗೋಡೆಗೆ ಅಂಟಿಯಾಗಿತ್ತು. "ಅಕ್ಕಾ, ಗ್ವಾಡ್ಯಾಗ ದೊಡ್ಡ ತೂತಿತ್ತು, ಕಾಣಲಾರ್ದಂಗ ಮುಚ್ಚೀನಿ ನೋಡು" ಎಂದು ಸುನೀಲ ಹಲ್ಲು ಕಿರಿದ. ಅವನ ತಲೆಗೆ ಮೊಟಕಿ, ಈಗಿಂದೀಗಲೇ ಕಿತ್ತು ಹಾಕು ಎಂದೆ. ಅಂಟು ಗಟ್ಟಿಯಾಗಿದೆ, ಕಿತ್ತರೆ ಗೋಡೆಯ ಮಣ್ಣೂ ಉದುರಿ ಬರುತ್ತದೆ, ಬೀಗರು ಬಂದು ಹೋಗಲಿ ಎಂದು ಅವನೂ ನನ್ನ ಗಂಡ ಸಿದ್ದರಾಮನೂ ಒಂದೇ ಬಾಯಿಯಲ್ಲಿ ಹೇಳಿದರು. ಸಮಜಾಯಿಷಿ ಹೇಳಲು ಈಶಮ್ಮಕ್ಕನ ಬಾಗಿಲಿಗೆ ಹೋದರೆ ಅವಳು ಜೋಳ ಹಸನು ಮಾಡುತ್ತಿದ್ದವಳು ತಲೆಯನ್ನೇ ಎತ್ತಲಿಲ್ಲ.

"ಕಿಂಡಿ ಮುಚ್ಚಿ ಬಾಗಲಿಗಿ ಬಂದೀ ಏನು? ಅದು ತೆರೆಯೋತನಕ ನಾ ನಿಮ್ಮ ಹೊಸ್ತಿಲಾ ತುಳಿಯಂಗಿಲ್ಲ, ಹೋಗು."

ಮಾನ್ಯರೇ, ಇದು ಎರಡು ಹೆಂಗಸರ ಮುನಿಸು ಎಂದು ತಾವು ನಗಬಹುದು. ನಮ್ಮ ಮನೆತನದಲ್ಲಿ ನಿಶ್ಚಿತಾರ್ಥದ ಹೆಣ್ಣಿಗೆ ಮೊದಲ ಉಡಿ ತುಂಬಬೇಕಾದವಳು ಹಿರಿಯ ಸೊಸೆ. ಅವಳು ತುಂಬದೆ ಬೇರೆ ಯಾರ ಕೈಯೂ ಮುಂದೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಲಾವಣ್ಯ ಹುಟ್ಟಿದಾಗ ನನಗೆ ಜ್ವರ ಬಂದು ಮೈಮೇಲೆ ಎಚ್ಚರವಿಲ್ಲದಿದ್ದ ದಿನಗಳಲ್ಲಿ ಕೂಸನ್ನು ಎದೆಗವಚಿಕೊಂಡು ಕಾಪಾಡಿದವಳು ಅವಳೇ. ಆ ದೊಡ್ಡಮ್ಮ ಇಲ್ಲದ ನಿಶ್ಚಿತಾರ್ಥ ನನಗೆ ಬೇಕಿರಲಿಲ್ಲ.

ಇಷ್ಟಾದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ. ಕಿಂಡಿ ತೆರೆದಿದ್ದಾಗ ಅಳೆದು ತೂಗಿ ಮಾತಾಡುತ್ತಿದ್ದವಳು ನಾನು, ಈಗ ನಡುವೆ ಅಮೃತಶಿಲೆ ಇದೆಯೆಂಬ ಧೈರ್ಯದಲ್ಲಿ, ಸೊಕ್ಕಿನವಳು ಎಂದೆ, ಅವಳ ಪುಂಡಿಪಲ್ಲೆಯನ್ನು ಆಡೂ ಮೂಸುವುದಿಲ್ಲ ಎಂದೆ, ಹೇಳಬಾರದ ಇನ್ನೂ ಒಂದೆರಡನ್ನೂ ಅಂದೆ. ತಾವು ಒಂದು ಪದವನ್ನೂ ನುಂಗದೆ, ಡೊಳ್ಳಿನ ಚರ್ಮದ ಹಾಗೆ ಎಲ್ಲವನ್ನೂ ಇನ್ನಷ್ಟು ಜೋರು ಮಾಡಿ ಆಚೆಗೆ ತಲುಪಿಸಿದಿರಿ ಎಂದು ಈಶಮ್ಮಕ್ಕನೇ ಆಮೇಲೆ ಹೇಳಿದಳು. ಕಲ್ಲಿನ ವೇಷ ಹಾಕಿಕೊಂಡು ಚಾಡಿ ಹೇಳುವ ಕೆಲಸವನ್ನು ತಮಗೆ ಕಾರ್ಖಾನೆಯಲ್ಲೇ ಕಲಿಸುತ್ತಾರೆಯೋ, ಅಥವಾ ನಮ್ಮ ಮನೆಗೆ ಬಂದ ಮೇಲೆ ಕಲಿತಿರೋ ತಿಳಿಸಿದರೆ ಉಪಕಾರವಾಗುತ್ತದೆ.

ನಿಶ್ಚಿತಾರ್ಥದ ಹಿಂದಿನ ದಿನ ನನ್ನ ಜೋರೆಲ್ಲ ಇಳಿದುಹೋಯಿತು. ತಮ್ಮ ಚಿನ್ನದ ಗೆರೆಗಳ ಕೆಳಗೆ ಕೂತು ಗಂಡನ ಮುಂದೆ ಅತ್ತುಬಿಟ್ಟೆ: "ಆಕಿ ಬರಲಿಲ್ಲಂದ್ರ ನನ್ನ ಮಗಳ ಉಡಿ ಯಾರ ತುಂಬಬೇಕ್ರಿ? ಹಡೆದಾಕಿ ನಾನು ಖರೆ, ಉಳಿಸಿದಾಕಿ ಆಕಿ." ಗೋಡೆಯ ಆಚೆ ಒರಳಿನ ಸದ್ದು ನಿಂತಿತು ಅಷ್ಟೆ.

ಮರುದಿನ ಬೀಗರು ಬಂದರು. ಗಂಡಿನ ತಂದೆ ತುಳಸಿರಾಮ ಅವರದು ತಾಂಡೂರಿನಲ್ಲಿ ಕಲ್ಲು ಪಾಲಿಶಿನ ಕೆಲಸ. ಕಲ್ಲು ಕಂಡಲ್ಲಿ ಬೆರಳು ಮಡಚಿ ತಟ್ಟಿ ಅದರ ದನಿ ಕೇಳುವುದು ಆ ಕಸುಬಿನವರ ಅಭ್ಯಾಸ. "ಭಾರೀ ಕಲ್ಲು ಹಾಕ್ಸೀರಿ" ಎನ್ನುತ್ತ ಅವರು ಗೋಡೆಯ ಮೇಲಿನ ತಮ್ಮ ಹೊಟ್ಟೆಯನ್ನು ತಟ್ಟಿದರು. ತಾವು ಡಬ್ ಡಬ್ ಎಂದಿರಿ. ಅವರು ಹುಬ್ಬು ಗಂಟಿಕ್ಕಿ ಇನ್ನೊಮ್ಮೆ ತಟ್ಟಿದರು.

"ಯಾರ್ರಿ ಅದು?" ಎಂದಿತು ಗೋಡೆ.

ತುಳಸಿರಾಮ ಅವರು ಮರ್ಯಾದಸ್ಥರು. ಗೋಡೆ ಕೇಳಿದರೂ ಉತ್ತರ ಕೊಡಬೇಕೆಂದುಕೊಂಡು, "ನಾ ತಾಂಡೂರ ತುಳಸಿರಾಮ ರೀ" ಎಂದು ಕೈಮುಗಿದರು.

"ಬೀಗರೇನ್ರಿ? ತುಸು ಹಿಂದ ಸರೀರಿ."

ತಮ್ಮ ಅತಿ ದಪ್ಪನೆಯ ಚಿನ್ನದ ಗೆರೆಯ ಪಕ್ಕದಲ್ಲಿ ಕುಡುಗೋಲಿನ ತುದಿ ಹೊರಬಂತು. ಅದು ಕಲ್ಲಂಗಡಿ ಕೊಯ್ದ ಹಾಗೆ ಸುತ್ತ ತಿರುಗಿತು, ಒಂದು ತುಂಡು ಅಮೃತಶಿಲೆ ಸುನೀಲನ ತೊಡೆಯ ಮೇಲೆ ಬಿತ್ತು, ಆ ತೂತಿನಿಂದ ಹಸಿರು ಬಳೆಯ ಕೈಯೊಂದು ಅಕ್ಕಿ ಹಿಡಿದು ಈಚೆ ಬಂತು. "ಲಾವಣ್ಯಾ, ಸೆರಗ ಒಡ್ಡು ಬಾ ನನ್ನವ್ವಾ." ಹುಡುಗಿ ಗೋಡೆಗೆ ಸೆರಗೊಡ್ಡಿ ನಿಂತಳು. ಅಕ್ಕಿ ಬಂತು, ಕೊಬ್ಬರಿ ಬಂತು, ಅಡಕೆ, ಅರಿಶಿನಬೇರು, ಕುಬ್ಬಸದ ಕಣ ಬಂತು, ಕೊನೆಗೆ ಕುಂಕುಮ ಹಚ್ಚಿದ ಬೆರಳು ಹಣೆ ಹುಡುಕುತ್ತ ಬಂದು ಮೊದಲು ಮೂಗಿಗೆ, ಆಮೇಲೆ ಹಣೆಗೆ ಇಟ್ಟಿತು. ನಾನು ಓಡಿಹೋಗಿ ಆ ಕೈಯನ್ನು ಹಿಡಿದುಕೊಂಡೆ. "ಬಿಡ, ಬಾಗಲಿಲೆ ಬರ್ತೀನಿ, ನನ್ನ ಪುಂಡಿಪಲ್ಲೆ ತಗೊಂಡೇ ಬರ್ತೀನಿ, ಬೀಗರು ತಿಂದು ಹೇಳ್ಲಿ" ಎಂದಿತು ಕೈ. ನಾಚಿಕೆಯೂ ಬಂತು, ನಗೆಯೂ ಬಂತು, ಅಳು ಮಾತ್ರ ನಿಲ್ಲಲಿಲ್ಲ.

ಆದ್ದರಿಂದ ಮಾನ್ಯರೇ, ಬೇಡಿಕೆಗಳು. ತಮ್ಮ ವಂಶದಲ್ಲಿ ಇನ್ನು ಮುಂದೆ ಹುಟ್ಟುವ ಪ್ರತಿಯೊಂದು ಶೀಟೂ ತಾನು ಹೋಗಿ ಅಂಟುವ ಮನೆಯಲ್ಲಿ ಯಾರಿಗೆ ಯಾರು ಬೇಕು ಎಂದು ಮೊದಲು ವಿಚಾರಿಸಿ ಅಂಟಬೇಕು. ಗಂಡಸರ ಗೊರಕೆಯನ್ನು ತಡೆದು, ಹೆಂಗಸರ ಅಳುವನ್ನು ಮಾತ್ರ ದಾಟಿಸಬೇಕು. ತಮ್ಮ ಮೈಮೇಲಿನ ಈಗಿನ ತೂತನ್ನು ಈ ವರ್ಷದ ಹೊಸ ವಿನ್ಯಾಸವೆಂದು ಮಾನ್ಯ ಮಾಡಬೇಕು. ಇಷ್ಟಾಗಿಯೂ ತಮ್ಮ ಮೇಲೆ ನನಗೆ ಈಗ ಸಿಟ್ಟಿಲ್ಲ. ತಾವು ಹೇಳಿಕೊಂಡ ಹಾಗೆ ನಿಜಕ್ಕೂ ಅಮೃತಶಿಲೆಯೇ ಆಗಿದ್ದಿದ್ದರೆ ನನ್ನ ಅಳು ಈಚೆಯೇ ಸತ್ತು, ಮನೆ ಎರಡಾಗಿಯೇ ಉಳಿಯುತ್ತಿತ್ತು. ಸುಳ್ಳು ಇಷ್ಟು ಉಪಕಾರಕ್ಕೆ ಬಂದದ್ದನ್ನು ನಾನು ಬೇರೆ ಎಲ್ಲೂ ಕಂಡಿಲ್ಲ.

ತಮಗೆ ಇನ್ನೂ ಬೆನ್ನು ಕೊಡದೆ ದೂರ ಕೂತಿರುವ,
ತಮ್ಮ ವಿಶ್ವಾಸಿ,
ರಾಜೇಶ್ವರಿ

ತಾ.ಕ.: ಬೀಗಿತ್ತಿ ಪ್ರೇಮಲಾ ಅವರಿಗೆ ತಾವು ಬಹಳ ಮನಸ್ಸಿಗೆ ಬಂದಿದ್ದೀರಿ, ಮದುವೆಯೊಳಗೆ ತಾಂಡೂರಿನ ಅವರ ಮನೆಯ ಕೋಣೆಗಳಿಗೂ ತಮ್ಮ ಬಳಗದವರನ್ನೇ ಹಚ್ಚಿಸುತ್ತಾರಂತೆ. ನನ್ನ ಮಗಳು ಬಾಳಬೇಕಾದ ಮನೆ ಅದು. ಅಲ್ಲಿ ಅವಳು ಎಂದಾದರೂ ಅತ್ತರೆ ಕಂಗ್ಟಿಯವರೆಗೂ ಕೇಳಿಸುವಷ್ಟು ತೆಳ್ಳಗಿರಲು ಆ ತಮ್ಮ ಬಳಗಕ್ಕೆ ತಿಳಿಸಿ ಹೇಳಿ. ತಾಂಡೂರಿಗೆ ಬಸ್ಸುಗಳಿವೆ, ಈಶಮ್ಮಕ್ಕ ಕುಡುಗೋಲನ್ನು ಸಾಣೆ ಹಿಡಿಸಿಟ್ಟಿದ್ದಾಳೆ.