ಟ್ಯಾಬ್ಲೆಟ್ ತಗೊಂಡ ಮಗಳು

ರಾಯಚೂರಿನಲ್ಲಿ ಕೂತು ಕಂಪ್ಯೂಟರಿನಲ್ಲಿ ಚಿತ್ರ ಬರೆಯುವವಳು ನಗುವ ಪ್ರಸಂಗ ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅವೇ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಬರುತ್ತವೆ. ನನ್ನ ಕಷ್ಟ ಬೇರೆ. ನಮ್ಮ ಮನೆತನದಲ್ಲಿ ಓದಿದವರೆಲ್ಲ ಮಾಸ್ತರು, ನರ್ಸು, ಕಂಡಕ್ಟರು. "ನಿಮ್ಮ ಮಗಳು ಏನ್ ಮಾಡ್ತಾಳ?" ಎಂದು ಯಾರಾದರೂ ಕೇಳಿದರೆ ನಮ್ಮವ್ವ ಸೆರಗು ಸರಿಮಾಡಿಕೊಂಡು, "ಮನ್ಯಾಗ ಇರ್ತಾಳ್ರೀ" ಎಂದು ಮಾತು ಮುಗಿಸುತ್ತಿದ್ದಳು. ಆಕೆಯ ಬಾಯಿಂದ ಒಮ್ಮೆಯಾದರೂ ನನ್ನ ಕೆಲಸದ ಹೆಸರು ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು. ಕೇಳಿದೆ. ಕೇಳಿದ ಮೇಲೆ ಏನಾಯಿತು ಎಂಬುದನ್ನು ಕೊನೆಗೆ ಹೇಳುತ್ತೇನೆ.

೧. ಊಟದ ಮೊದಲೋ, ಆಮೇಲೋ

ಚಿತ್ರ ಬರೆಯುವ ಟ್ಯಾಬ್ಲೆಟ್ ಎಂದರೆ ಒಂದು ಕರಿ ಹಲಗೆ, ಅದಕ್ಕೊಂದು ಪೆನ್ನು. ಹಲಗೆಯ ಮೇಲೆ ಗೀಚಿದರೆ ಗೆರೆ ಲ್ಯಾಪ್‌ಟಾಪಿನಲ್ಲಿ ಮೂಡುತ್ತದೆ. ಅದನ್ನು ಕೊಂಡ ದಿನ ಖುಷಿ ತಡೆಯಲಾರದೆ ಅಂಗಡಿಯಿಂದಲೇ ಅವ್ವನಿಗೆ ಫೋನ್ ಮಾಡಿದೆ.

"ಯವ್ವಾ, ಟ್ಯಾಬ್ಲೆಟ್ ತಗೊಂಡೆ!"

"ಯಾಕಬೇ, ಏನಾಗ್ಯಾದ? ಊಟ ಮಾಡಿ ತಗೊಂಡೇನು, ಬರೇ ಹೊಟ್ಟಿಲೆ ತಗೊಂಡೇನು?"

"ಆ ಗುಳಿಗಿ ಅಲ್ಲ ಬೇ. ಇದು ದೊಡ್ಡದು, ತಾಟಿನಷ್ಟು ಅದ."

ಆ ಕಡೆಯಿಂದ ಗಾಬರಿಯ ದನಿ ಬಂತು. "ಅಷ್ಟು ದೊಡ್ಡದು ಹೆಂಗ ನುಂಗಿದೆಬೇ?"

ಮನೆಗೆ ತಂದು ತೋರಿಸಿದಾಗ ಅದಕ್ಕೆ ಪಾಟಿ ಎಂದು ಹೆಸರಿಟ್ಟಳು. ಶಾಲೆಯ ಸ್ಲೇಟಿಗೆ ನಮ್ಮ ಕಡೆ ಹಾಗೇ ಅನ್ನುವುದು. "ಇಷ್ಟು ಓದಿಸಿದ್ದು ಮತ್ತ ಪಾಟಿ ಹಿಡೀಲಿ ಅಂತೇನು?"

೨. ಪ್ರೆಷರ್

ಪಕ್ಕದ ಮನೆಯ ಅಜ್ಜಿ ಯಾಪಲದಿನ್ನಿಯಿಂದ ಮಗನ ಮನೆಗೆ ಬಂದು ನೆಲೆಸಿದವರು. ನಮ್ಮ ಮನೆಯಲ್ಲಿ ನಡೆಯುವುದೆಲ್ಲ ನಮಗಿಂತ ಮೊದಲು ಅವರಿಗೆ ಗೊತ್ತಾಗಬೇಕು. ಪಾಟಿಯ ವಿಶೇಷವೇನೆಂದು ಕೇಳಿದರು. ಮೆಲ್ಲಗೆ ಒತ್ತಿದರೆ ಸಣ್ಣ ಗೆರೆ, ಜೋರಾಗಿ ಒತ್ತಿದರೆ ದಪ್ಪ ಗೆರೆ ಎಂದು ಸುಮ್ಮನೆ ಹೇಳಬಹುದಿತ್ತು. ಜಾಣತನ ತೋರಿಸಲು ಹೋಗಿ, "ಅಜ್ಜಿ, ಇದು ಕೈಯಿಂದ ಪ್ರೆಷರ್ ನೋಡ್ತದ" ಎಂದೆ.

ಮರುದಿನ ಬೆಳಿಗ್ಗೆ ಅಜ್ಜಿ ಬಂದು ತೋಳು ಚಾಚಿ ಪಾಟಿಯ ಮೇಲಿಟ್ಟು ಕೂತರು. "ಎಷ್ಟದ ನೋಡವ್ವಾ."

"ಅಜ್ಜಿ, ಇದು ಆ ಪ್ರೆಷರ್ ಅಲ್ರೀ."

"ಯಾವುದರೆ ಇರಲಿ, ನೋಡು."

ಬಿಡುವ ಹಾಗೆ ಕಾಣಲಿಲ್ಲ. ಪೆನ್ನು ಅವರ ಕೈಗೇ ಕೊಟ್ಟು ಒಂದು ಗೆರೆ ಎಳೆಸಿದೆ. ಕೈ ಸ್ವಲ್ಪವೂ ನಡುಗಲಿಲ್ಲ. "ಭಾಳ ಛಲೋ ಅದ ಅಜ್ಜಿ" ಎಂದೆ, ಗೆರೆಯನ್ನು ನೋಡಿ.

ಅಂದಿನಿಂದ ಅಜ್ಜಿ, ಡಾಕ್ಟರು ಬಿಡಿಸಿದ್ದ ಉಪ್ಪಿನಕಾಯಿ ಮತ್ತೆ ತಿನ್ನಲು ಶುರುಮಾಡಿದ್ದಾರೆ. ಅವರ ಸೊಸೆ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

೩. ರುಮಾಲಿನ ಕೆಳಗೆ

ದೇವದುರ್ಗದ ಒಬ್ಬರು ಗಬ್ಬೂರಿನಲ್ಲಿರುವ ತಮ್ಮ ತಂದೆಯ ಚಿತ್ರ ಬರೆಸಿದರು. ತಂದೆ ರುಮಾಲು ಸುತ್ತದೆ ಹೊರಗೆ ಕಾಲಿಟ್ಟವರಲ್ಲ. ಚಿತ್ರ ನೋಡಲು ಆ ತಂದೆಯೇ ಹೆಂಡತಿಯನ್ನು ಕರೆದುಕೊಂಡು ಬಸ್ ಹತ್ತಿ ಬಂದರು. ಎಲ್ಲ ಒಪ್ಪಿಗೆಯಾಯಿತು. ಹಿರಿಯರಿಗೆ ರುಮಾಲಿನ ಬಣ್ಣ ಮಾತ್ರ ಇನ್ನಷ್ಟು ಕೆಂಪಾಗಬೇಕಿತ್ತು.

ಕಂಪ್ಯೂಟರಿನ ಚಿತ್ರ ಪದರ ಪದರವಾಗಿರುತ್ತದೆ. ಮೊದಲು ತಲೆ, ಅದರ ಮೇಲಿನ ಪದರದಲ್ಲಿ ರುಮಾಲು. ನನ್ನ ಬೆರಳು ಎಲ್ಲೋ ತಾಗಿ ರುಮಾಲಿನ ಪದರವೇ ಮಾಯವಾಯಿತು. ಹೇಗೂ ಕಾಣುವುದಿಲ್ಲವೆಂದು ನಾನು ಕೂದಲು ಬರೆದಿರಲಿಲ್ಲ. ತೆರೆಯ ಮೇಲೆ ನುಣ್ಣನೆಯ ತಲೆ ಹೊಳೆಯಿತು.

ಹಿರಿಯರು ಎರಡೂ ಕೈಯಿಂದ ತಮ್ಮ ತಲೆಯ ರುಮಾಲು ಒತ್ತಿ ಹಿಡಿದು ಹೆಂಡತಿಯ ಕಡೆ ತಿರುಗಿದರು. ಆಕೆ ಬಾಯಿಗೆ ಸೆರಗಿಟ್ಟುಕೊಂಡು, "ದೇವರಾಣಿ, ನಾ ಹೇಳಿಲ್ರೀ!" ಎಂದರು.

೪. ತಾಯಿಯ ಕಣ್ಣು

ನೀರಮಾನ್ವಿಯ ಒಬ್ಬ ಹೆಣ್ಣುಮಗಳು ದೇವರ ಜಗಲಿಗೆ ಎಲ್ಲಮ್ಮನ ಚಿತ್ರ ಬೇಕೆಂದರು. ಒಂದೇ ಷರತ್ತು, ಕಣ್ಣು ಮಾತ್ರ ಅವರ ಮನೆಯಲ್ಲೇ ಪೂಜೆ ಮಾಡಿ ತೆಗೆಯಬೇಕು. ದೇವರಿಗೆ ಕಣ್ಣು ಬರೆಯುವುದನ್ನು ಅವರು ಕಣ್ಣು ತೆಗೆಯುವುದು ಎನ್ನುತ್ತಿದ್ದರು. ಒಬ್ಬಳೇ ಹೋಗಬೇಡವೆಂದು ಅವ್ವನೂ ಜೊತೆಗೆ ಬಂದಳು.

ಪಾಟಿಗೆ ಅರಿಷಿಣ ಕುಂಕುಮ ಹಚ್ಚಿದರು, ಪೆನ್ನಿಗೆ ಹೂ ಸುತ್ತಿದರು. ಕಾಯಿ ಒಡೆಯುವಾಗ ನೀರು ಸಿಡಿಯದಿರಲೆಂದು ನಾನು ಪಾಟಿಯನ್ನು ಹಸುಗೂಸಿನಂತೆ ಎದೆಗವಚಿಕೊಂಡೆ. ಓಣಿಯೇ ಸೇರಿತ್ತು. ಲ್ಯಾಪ್‌ಟಾಪಿನಲ್ಲಿದ್ದ ತಾಯಿಗೆ ಎಡಗಣ್ಣು ಬರೆದೆ. ರೆಪ್ಪೆ ಸ್ವಲ್ಪ ಓರೆಯಾಯಿತು. ದಿನದ ರೂಢಿ ನೋಡಿ, ಅಳಿಸುವ ಗುಂಡಿ ಒತ್ತಿಬಿಟ್ಟೆ. ತೆರೆದ ಕಣ್ಣು ಇದ್ದಕ್ಕಿದ್ದಂತೆ ಇಲ್ಲ!

"ಯವ್ವಾ!" ಎಂದು ಎಲ್ಲರೂ ಒಮ್ಮೆಲೇ ಚೀರಿದರು. ಅವ್ವನ ಮರ್ಯಾದೆ ಇವತ್ತಿಗೆ ಹೋಯಿತು, ನಾಳೆಯಿಂದ ಪಾಟಿ ಅಟ್ಟಕ್ಕೆ ಎಂದುಕೊಂಡು ಗಡಿಬಿಡಿಯಲ್ಲಿ ಕಣ್ಣು ಮತ್ತೆ ಬರೆದೆ.

ಅವ್ವ ಎದ್ದು ನಿಂತಳು. "ಯಾಕ ಗಾಬರಿ ಆಗ್ತೀರಿ? ತಾಯಿ ಕಣ್ಣು ಪಿಳುಕಿಸ್ಯಾಳ. ಕೈ ಮುಗೀರಿ!"

ಎಲ್ಲರೂ ಕೈ ಮುಗಿದರು. ಆಗ ಮನೆಯೊಡತಿ ನನ್ನ ಹತ್ತಿರ ಬಂದು ಮೆಲ್ಲಗೆ, "ಇನ್ನೊಮ್ಮಿ ಪಿಳುಕಿಸ್ರೀ, ನಮ್ಮತ್ತಿ ಅಡಗಿ ಮನ್ಯಾಗ ಇದ್ರು, ನೋಡಿಲ್ಲ" ಎಂದರು.

೫. ಕೆಲಸದ ಹೆಸರು

ಪೂಜೆ ಮುಗಿಸಿ ರಾಯಚೂರಿನ ಬಸ್ ಹತ್ತಿದೆವು. ಪಕ್ಕದಲ್ಲಿ ಕೂತ ಹೆಂಗಸು ಆ ಹಳೆಯ ಪ್ರಶ್ನೆಯನ್ನೇ ಕೇಳಿದಳು. "ನಿಮ್ಮ ಮಗಳು ಏನ್ ಮಾಡ್ತಾಳ್ರೀ?"

ಈ ಸಲ ಅವ್ವ ಸೆರಗು ಮುಟ್ಟಲಿಲ್ಲ. "ನನ್ನ ಮಗಳು ಕಣ್ಣು ತೆಗೀತಾಳ್ರೀ. ಊರೂರಿಗೆ ಕರಸ್ತಾರ" ಎಂದಳು.

ನನಗೆ ಅಳು ಬಂತು. ಅಷ್ಟು ಸಂತೋಷವಾಯಿತು. ಆ ಹೆಂಗಸು ಮನೆ ಎಲ್ಲಿ ಎಂದು ಕೇಳಿದಳು, ಅವ್ವ ಗುರುತು ಹೇಳಿದಳು. ಇನ್ನೊಂದು ಚಿತ್ರ ಸಿಕ್ಕಿತೆಂದು ನಾನು ಹಿಗ್ಗಿದೆ.

ಅದೇ ವಾರ ಆಕೆ ತನ್ನ ಮಾವನ ಕೈಹಿಡಿದು ನಡೆಸಿಕೊಂಡು ನಮ್ಮ ಬಾಗಿಲಿಗೆ ಬಂದಳು. "ಎಡಗಣ್ಣಿಗೆ ಪೊರಿ ಬಂದದ್ರೀ. ನೀರೂ ಕುಡಿಸದಂಗ ಬರೇ ಹೊಟ್ಟಿಲೆ ಕರಕೊಂಡು ಬಂದೀನಿ. ಇವತ್ತೇ ತೆಗೀತೀರೇನು?"

ನಾನು ಅವ್ವನ ಕಡೆ ನೋಡಿದೆ. ಅವ್ವ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಮಾವನವರು ನನ್ನ ಕೈಯಲ್ಲಿದ್ದ ಪೆನ್ನಿನ ಚೂಪು ಮೊನೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. ನಾನು ಡಾಕ್ಟರಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಮನೆಯ ಅಜ್ಜಿ ಉಪ್ಪಿನಕಾಯಿ ಚೀಪುತ್ತ ಗೋಡೆಯ ಮೇಲಿಂದ ಇಣುಕಿದರು.

"ಏನೂ ಅಂಜಬ್ಯಾಡ ಯಪ್ಪಾ, ಒಳಗ ಹೋಗು. ನನ್ನ ಪ್ರೆಷರ್ ಆಕೀನೇ ನೋಡ್ಯಾಳ. ಭಾಳ ಛಲೋ ಹುಡುಗಿ, ಟ್ಯಾಬ್ಲೆಟ್ ಸೈತ ನಮಗ ಕೊಡಂಗಿಲ್ಲ, ತಾನೇ ತಗೊಂಡಾಳ!"