ಇನ್ನೂರೈವತ್ತು ಗ್ರಾಂ ವಿಚಾರವಾಗಿ ತೂಕದ ಯಂತ್ರದವರಿಗೆ

ಕೊಳ್ಳೇಗಾಲದ ನೇಕಾರರ ಬೀದಿಯ ಶಿಶುಪಾಲನಾ ಕೇಂದ್ರದಲ್ಲಿ, ಬಾಗಿಲ ಎಡಗಡೆಯ ತೊಲೆಗೆ ಹೊಡೆದ ಕೊಕ್ಕೆಯಲ್ಲಿ ನೇತಾಡಿಕೊಂಡು ಹದಿನಾಲ್ಕು ಕೂಸುಗಳ ಏಳಿಗೆಯನ್ನು ಹಗಲಿರುಳೂ ಕಾಯುತ್ತಿರುವ ಘನತೆವೆತ್ತ ತೂಕದ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ಅದೇ ಬೀದಿಯ ನಾಲ್ಕನೇ ಮನೆಯ ಮಹಾಲಕ್ಷ್ಮಮ್ಮ ಮಾಡುವ ಅನಂತ ನಮಸ್ಕಾರಗಳು. ತಮ್ಮ ಮುಳ್ಳು ನೆಟ್ಟಗಿದೆಯೆಂದೂ, ಗಾಜಿಗೆ ಏಟು ಬಿದ್ದಿಲ್ಲವೆಂದೂ, ಕೂಸುಗಳನ್ನು ಕೂರಿಸುವ ತಮ್ಮ ಜೋಲಿಯನ್ನು ಕಳೆದ ಸಲ ಒದ್ದೆ ಮಾಡಿದವರು ಯಾರೆಂಬುದನ್ನು ದೊಡ್ಡ ಮನಸ್ಸಿನಿಂದ ಮರೆತಿದ್ದೀರೆಂದೂ ನಂಬಿದ್ದೇನೆ. ನಾನು ಏಳನೇ ತರಗತಿಯವರೆಗೆ ಓದಿದವಳು. ಬೀದಿದೀಪ ಹೋದರೆ, ಚರಂಡಿ ಕಟ್ಟಿಕೊಂಡರೆ, ನಲ್ಲಿಯಲ್ಲಿ ನೀರಿನ ಬದಲು ಗಾಳಿ ಬಂದರೆ ಬೀದಿಯ ಪರವಾಗಿ ಅರ್ಜಿ ಬರೆಯುವವಳು ನಾನೇ. ಆ ಅರ್ಜಿಗಳಲ್ಲಿ ಒಂದಕ್ಕೂ ಈವರೆಗೆ ಉತ್ತರ ಬಂದಿಲ್ಲವಾದ್ದರಿಂದ, ಉತ್ತರ ಕೊಡಲು ಬಾಯಿಯೇ ಇಲ್ಲದ ತಮಗೆ ಬರೆಯಲು ನನಗೇನೂ ಅಳುಕಿಲ್ಲ.

ವಿಷಯ ತಮಗೆ ತಿಳಿಯದ್ದಲ್ಲ. ನನ್ನ ಮೊಮ್ಮಗಳು ಇಂಚರ ಹತ್ತು ತಿಂಗಳು ತುಂಬಿ ಕೇಂದ್ರಕ್ಕೆ ಸೇರಿದ ದಿನ ತಮ್ಮ ಜೋಲಿಯಲ್ಲಿ ಕೂತು ಎಂಟು ಕಿಲೋ ಮುನ್ನೂರೈವತ್ತು ಗ್ರಾಂ ತೂಗಿದಳು. ನಾಲ್ಕು ವಾರ ಕಳೆದ ಮೇಲೆ ಒಂದು ಸೋಮವಾರ ಅದೇ ಜೋಲಿಯಲ್ಲಿ ಎಂಟು ಕಿಲೋ ನೂರು ಗ್ರಾಂ ತೂಗಿದಳು. ಮಗು ಇನ್ನೂರೈವತ್ತು ಗ್ರಾಂ ಇಳಿದಿದೆಯೆಂದು ಕೇಂದ್ರದ ಟೀಚರ್ ಯಶೋದ ಅವರು ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಒಂದು ಗುಂಡು ಸುತ್ತಿದರು. ಆ ಕೆಂಪು ಗುಂಡು ನಮ್ಮ ಮನೆಗೆ ಬಂದು ಏನೇನು ಮಾಡಿತೆಂಬುದನ್ನು ತಾವು ಕೊಕ್ಕೆ ಬಿಟ್ಟು ಕದಲುವವರಲ್ಲವಾದ್ದರಿಂದ ನಾನೇ ತಿಳಿಸಬೇಕಾಗಿದೆ.

ನನ್ನ ಸೊಸೆ ಚೈತ್ರ ರೇಷ್ಮೆ ಸೀರೆ ನೇಯುವವಳು. ಅವಳು ಹಾಕಿದ ಸೆರಗನ್ನು ನೋಡಿದವರು ಇನ್ನೊಬ್ಬರ ಸೆರಗಿಗೆ ಕಣ್ಣು ಹಾಯಿಸುವುದಿಲ್ಲ. ಇದನ್ನು ಅವಳೆದುರಿಗೆ ನಾನು ಹೇಳಿಲ್ಲ, ತಾವೂ ಹೇಳಬೇಡಿ. ಕೂಸನ್ನು ಪಕ್ಕದಲ್ಲಿ ಬಿಟ್ಟುಕೊಂಡು ಮಗ್ಗದಲ್ಲಿ ಕೂರಲಾಗದು, ಹಾಸಿನ ಎಳೆಗಳನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಹಾಗಾಗಿ ಇಂಚರ ಕೇಂದ್ರಕ್ಕೆ ಹೋದಳು, ಚೈತ್ರ ಹತ್ತು ತಿಂಗಳ ಮೇಲೆ ಮತ್ತೆ ಮಗ್ಗಕ್ಕೆ ಕೂತಳು. ಕೆಂಪು ಗುಂಡು ಬಿದ್ದ ಮರುದಿನದಿಂದ ಕೂಸು ಮನೆಯಲ್ಲಿದೆ, ಮಗ್ಗದ ಮೇಲೆ ಹಳೇ ಬೆಡ್‌ಶೀಟ್ ಹೊದಿಸಿದೆ, ಅರ್ಧ ನೇಯ್ದ ಮದುವೆ ಸೀರೆ ಅದರಡಿಯಲ್ಲಿ ಮಲಗಿದೆ. ಹದಿನೈದು ದಿನ ಬಾರದ ಕೂಸಿನ ಜಾಗವನ್ನು ಮುಂದಿನ ಹೆಸರಿಗೆ ಕೊಡುವುದು ಕೇಂದ್ರದ ನಿಯಮ. ಕಾಯುತ್ತಿರುವವರು ಆರು ಮಂದಿ. ಇವತ್ತು ಶನಿವಾರ, ಹನ್ನೆರಡನೇ ದಿನ.

ಇಷ್ಟಕ್ಕೆಲ್ಲ ಕಾರಣವಾದ ಆಹಾರ ವಿವಾದವನ್ನು ಈಗ ವಿನಯಪೂರ್ವಕವಾಗಿ ವಿವರಿಸುತ್ತೇನೆ. ನಾನು ಹುಟ್ಟಿದ್ದು ಹನೂರಿನ ಕಡೆ. ಅಲ್ಲಿ ಕೂಸಿಗೆ ಆರು ತಿಂಗಳು ತುಂಬಿದರೆ ರಾಗಿ ಸರಿ, ಅದರಲ್ಲಿ ಚರ್ಚೆಗೆ ಜಾಗವಿಲ್ಲ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು, ಬೀಸಿಸಿ ತಂದು, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಬರುವ ಹಿಟ್ಟು ಕೈಯಲ್ಲಿ ನಿಲ್ಲುವುದಿಲ್ಲ, ಅಷ್ಟು ನಯ. ನಮ್ಮ ಬೀಗಿತ್ತಿ, ಅಂದರೆ ಚೈತ್ರಳ ತಾಯಿ ಪುಟ್ಟಬಸಮ್ಮನವರು, ಯಳಂದೂರಿನವರು. ಗದ್ದೆ ಬಯಲಿನವರಿಗೆ ಅನ್ನದ ಹೊರತು ಬೇರೆ ಆಹಾರ ಜಗತ್ತಿನಲ್ಲಿರುವುದೇ ಗೊತ್ತಿಲ್ಲ. ವಾರಕ್ಕೆರಡು ಸಲ ಬಸ್ಸಿನಲ್ಲಿ ಬಂದು, ಹೆಸರುಬೇಳೆ ಹಾಕಿ ಬೇಯಿಸಿ ಕಿವುಚಿದ ಮೆತ್ತಗನ್ನವನ್ನು ಡಬ್ಬಿಯಲ್ಲಿ ತಂದು, "ರಾಗಿ ಮೊಗೀಗೆ ಮಂದ ಕಣ್ರೀ, ಅರಗಕ್ಕಿಲ್ಲ. ನಮ್ ಕಡೆ ಐಕಳೆಲ್ಲ ಅನ್ನ ತಿಂದೇ ಬೆಳ್ದವೆ" ಎಂದು ಉಪದೇಶಿಸುತ್ತಾರೆ. ಅವರ ಕಡೆಯ ಐಕಳು ಎಷ್ಟು ಬೆಳೆದಿವೆಯೆಂದು ನಾನು ನೋಡಿದ್ದೇನೆ. ಮರ್ಯಾದೆಗೆ ಸುಮ್ಮನಿದ್ದೇನೆ.

ಯಶೋದ ಟೀಚರ್ ಅವರದು ಮೂರನೇ ಮತ. ಗೋಡೆಯ ಮೇಲಿನ ಚಾರ್ಟಿನಲ್ಲಿ ಒಂದು ಗುಂಡು ಮಗು ನಗುತ್ತಿದೆ. ಅಂಥ ಮಗುವನ್ನು ಕೊಳ್ಳೇಗಾಲದಲ್ಲಿ ಯಾರೂ ಹೆತ್ತಿದ್ದು ನನಗೆ ತಿಳಿಯದು. ಆ ಚಾರ್ಟಿನ ಪ್ರಕಾರ ಎಲ್ಲ ಕೂಸುಗಳಿಗೂ ಪ್ಯಾಕೆಟ್ಟಿನ ಹಿಟ್ಟನ್ನು ಬಿಸಿನೀರಿನಲ್ಲಿ ಕಲಸಿ ಕೊಡಬೇಕು. ಮನೆಯ ಡಬ್ಬಿ ನಿಷಿದ್ಧ. ನಾನು ಸರಿಯ ಡಬ್ಬಿಯನ್ನು ಬ್ಯಾಗಿನಲ್ಲಿ ಒಗೆದ ಚಡ್ಡಿಗಳ ಕೆಳಗಿಟ್ಟು ಕಳಿಸಿದೆ. ಬೀಗಿತ್ತಿಯವರು ಅನ್ನದ ಡಬ್ಬಿಯನ್ನು ಟವೆಲ್ಲಿನಲ್ಲಿ ಸುತ್ತಿ ಕಳಿಸಿದರು. ಯಶೋದ ಅವರು ಎರಡನ್ನೂ ಕೈಗೆಟುಕದ ಅಟ್ಟದ ಮೇಲೆ ಅಕ್ಕಪಕ್ಕದಲ್ಲಿಟ್ಟು, "ನಾನೇನ್ಮಾಡ್ಲಿ ಅಮ್ಮಾರೆ, ಚಾರ್ಟಲ್ಲಿ ಇಂಗೇ ಬರ್ದವ್ರೆ, ಮೇಲ್ನೋರು ಬಂದು ನೋಡುದ್ರೆ ನನ್ ಕೆಲ್ಸ ಓಯ್ತದೆ" ಎಂದು ಕಣ್ಣು ತುಂಬಿಕೊಂಡರು. ಇಂಚರಳಾದರೋ ಸರಿಯನ್ನು ನನ್ನ ಸೀರೆಗೂ, ಅನ್ನವನ್ನು ಬೀಗಿತ್ತಿಯ ರವಿಕೆಗೂ, ಹಿಟ್ಟನ್ನು ಟೀಚರ್ ಕನ್ನಡಕಕ್ಕೂ ಉಗುಳಿ ತಾನು ಯಾವ ಪಕ್ಷಕ್ಕೂ ಸೇರಿದವಳಲ್ಲವೆಂದು ತೋರಿಸಿಕೊಟ್ಟಳು.

ಹೀಗಿರುವಾಗ ತಮ್ಮ ಮುಳ್ಳು ಇನ್ನೂರೈವತ್ತು ಗ್ರಾಂ ಹಿಂದಕ್ಕೆ ನಿಂತಿತು. ತಮ್ಮ ಮುಳ್ಳಿನ ಪ್ರಾಮಾಣಿಕತೆಯನ್ನು ಎಷ್ಟು ಕೊಂಡಾಡಿದರೂ ಕಡಿಮೆಯೇ. ಅದಕ್ಕೆ ಹನೂರೆಂಬ ದ್ವೇಷವಿಲ್ಲ, ಯಳಂದೂರೆಂಬ ಮೋಹವಿಲ್ಲ. ಅದು ನಿಂತ ಕೂಡಲೇ ನಾನು ಪ್ಯಾಕೆಟ್ಟಿನ ಹಿಟ್ಟನ್ನು ಬೈದೆ, ಬೀಗಿತ್ತಿಯವರು ಫೋನಿನಲ್ಲಿ ನನ್ನ ಸರಿಯನ್ನು ಬೈದರು, ಯಶೋದ ಅವರು ಮನೆಯ ಡಬ್ಬಿಗಳನ್ನು ಬೈದರು. ನನ್ನ ಮಗ ದಿನೇಶ, ಮಾತು ಜೋರಾಗುತ್ತಿದ್ದಂತೆ ಗಾಡಿಗೆ ಪೆಟ್ರೋಲ್ ಹಾಕಿಸಲು ಹೊರಟುಹೋಗುವವನು, ಆ ವಾರ ಟ್ಯಾಂಕು ತುಂಬಿಸಿ ತುಂಬಿಸಿ ಸುಸ್ತಾದ. ಕೆಂಪು ಗುಂಡು ಬಿದ್ದ ರಾತ್ರಿಯೇ ಕೂಸನ್ನು ಕೇಂದ್ರಕ್ಕೆ ಕಳಿಸುವುದೇ ಬೇಡವೆಂದು ತೀರ್ಪು ಕೊಟ್ಟವಳು ನಾನು. ಚೈತ್ರ ಬೆಡ್‌ಶೀಟ್ ತಂದು ಮಗ್ಗಕ್ಕೆ ಹೊದಿಸಿದಳು.

ಈಗ ಪತ್ರದ ಕಷ್ಟದ ಭಾಗಕ್ಕೆ ಬರುತ್ತೇನೆ. ನಿನ್ನೆ ಬೆಳಿಗ್ಗೆ ಮುಳ್ಳೂರಿನಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೊರಡಬೇಕಿತ್ತು. ಇಂಚರಳಿಗೆ ತೊಡಿಸಲೆಂದು ಬೀರುವಿನಿಂದ ಅವಳ ಜರಿ ಲಂಗವನ್ನು ತೆಗೆದೆ. ಹೆರಿಗೆಗೆ ಮುಂಚೆ ಸೀರೆಯೊಂದು ಮುಗಿದಾಗ ಉಳಿದ ರೇಷ್ಮೆಯಲ್ಲೂ ಜರಿಯಲ್ಲೂ ಚೈತ್ರಳೇ ನೇಯ್ದಿಟ್ಟ ತುಂಡಿನಲ್ಲಿ ಹೊಲಿಸಿದ ಲಂಗ ಅದು, ಬುಡದಲ್ಲಿ ಒಂದು ಗೇಣು ಗಟ್ಟಿ ಜರಿಯ ಅಂಚು. ಅದು ಕೈಗೆ ಬಂದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. ನಮ್ಮ ಮನೆಗೆ ರೇಷ್ಮೆ ನೂಲು ಬರುವುದು ತೂಕದಲ್ಲಿ, ಸೀರೆ ಹೋಗುವುದೂ ತೂಕದಲ್ಲಿ. ನಲವತ್ತು ವರ್ಷದಿಂದ ತೂಗಿ ತೂಗಿ ಯಾವ ಬಟ್ಟೆ ಎಷ್ಟೆಂದು ಅಂಗೈಯೇ ಹೇಳುತ್ತದೆ. ಕೇಂದ್ರಕ್ಕೆ ಸೇರಿದ ದಿನ ಇಂಚರ ತಮ್ಮ ಜೋಲಿಯಲ್ಲಿ ಕೂತದ್ದು ಈ ಲಂಗದಲ್ಲಿ.

ಆ ದಿನ ಯಶೋದ ಅವರು ಬಟ್ಟೆ ಬಿಚ್ಚಿ ತೂಗಬೇಕೆಂದು ಎರಡು ಸಲ ಹೇಳಿದ್ದರು. ಬೇಡವೆಂದವಳು ನಾನೇ. "ನಾಕು ಜನದ್ ಮುಂದೆ ಬರೀ ಮೈಲಿ ಮಗೀನ ತೂಗ್ತಾರಾ? ದಿಷ್ಟಿ ಆಯ್ತದೆ" ಎಂದು ಗದರಿಸಿ, ಲಂಗದೊಂದಿಗೆ, ಬೆಳ್ಳಿಯ ಉಡಿದಾರದೊಂದಿಗೆ, ಕಾಲ್ಗೆಜ್ಜೆಯೊಂದಿಗೆ ಎತ್ತಿ ಕೂರಿಸಿದೆ. ನಾಲ್ಕು ವಾರ ಕಳೆದು ತೂಗಿದಾಗ ಮೈಮೇಲೆ ಇದ್ದದ್ದು ಒಂದು ತೆಳು ಹತ್ತಿ ಅಂಗಿ. ನಿನ್ನೆ ಮನೆಯ ನೂಲು ತೂಗುವ ತಕ್ಕಡಿಯಲ್ಲಿ ಲಂಗವನ್ನಿಟ್ಟೆ: ಇನ್ನೂರ ಹತ್ತು ಗ್ರಾಂ. ಬೆಳ್ಳಿಯನ್ನಿಟ್ಟೆ: ನೂರ ನಲವತ್ತು. ಅಲ್ಲಿಗೆ ನನ್ನ ಮೊಮ್ಮಗಳು ಕೇಂದ್ರಕ್ಕೆ ಸೇರಿದ ದಿನ ತೂಗಿದ್ದು ಬರೀ ಎಂಟು ಕಿಲೋ. ಒಂದು ತಿಂಗಳಲ್ಲಿ ನೂರು ಗ್ರಾಂ ಏರಿದ್ದಾಳೆಯೇ ಹೊರತು ಒಂದು ಗುಲಗಂಜಿಯಷ್ಟೂ ಇಳಿದಿಲ್ಲ. ಇಳಿದದ್ದು ಜರಿ. ನಾಲ್ಕು ತಲೆಮಾರಿನಿಂದ ಜರಿ ತೂಗುತ್ತಿರುವ ಮನೆಯವಳಾದ ನಾನು ಜರಿಯನ್ನು ಕೂಸಿನ ಲೆಕ್ಕಕ್ಕೆ ಸೇರಿಸಿ, ಅದು ಸಿಗಲಿಲ್ಲವೆಂದು ರಾಗಿ, ಅಕ್ಕಿ, ಪ್ಯಾಕೆಟ್ಟು ಮೂರರ ಮೇಲೂ ಹನ್ನೆರಡು ದಿನ ಯುದ್ಧ ಮಾಡಿಸಿದೆ.

ಇಲ್ಲಿ ತಮ್ಮ ಮೇಲೆ ನನ್ನ ದೂರು. ತಾವು ಸುಳ್ಳು ಹೇಳಲಿಲ್ಲ, ಒಪ್ಪುತ್ತೇನೆ. ಆದರೆ ಮಾನ್ಯರೇ, ಜೋಲಿಯಲ್ಲಿ ಗೆಜ್ಜೆ ಘಲ್ ಘಲ್ ಎನ್ನುತ್ತಿದ್ದಾಗ ತಮಗೆ ಕಿವಿ ಕೇಳಿಸಲಿಲ್ಲವೇ? ಅರ್ಧ ಕೊಳ್ಳೇಗಾಲಕ್ಕೆ ಕಾಣುವಂಥ ಜರಿಯ ಅಂಚು ತಮ್ಮ ಕಣ್ಣಿಗೆ ಬೀಳಲಿಲ್ಲವೇ? ಮುಳ್ಳನ್ನು ಒಂದಿಷ್ಟು ಅದುರಿಸಿ, ಅಮ್ಮಾ ಇದು ಮಾಂಸವಲ್ಲ, ರೇಷ್ಮೆ ಎಂದು ಸೂಚಿಸಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು? ಇನ್ನು ಮುಂದಾದರೂ ಅಜ್ಜಿಯರು ಹತ್ತಿರ ಬಂದ ಕೂಡಲೇ ಮುಳ್ಳು ಕೆಂಪಾಗುವ ಏರ್ಪಾಡನ್ನು ಮಾಡಿಕೊಳ್ಳಬೇಕೆಂದೂ, ಕೂಸನ್ನೂ ಅಜ್ಜಿಯ ಜಂಬವನ್ನೂ ಬೇರೆ ಬೇರೆ ತೂಗಲು ಎರಡನೇ ಮುಳ್ಳೊಂದನ್ನು ಇಟ್ಟುಕೊಳ್ಳಬೇಕೆಂದೂ ಕೋರುತ್ತೇನೆ. ಆಗದಿದ್ದರೆ, ಆರು ವಾರದ ಹಿಂದಕ್ಕೆ ತಿರುಗಿ ಆ ದಿನವನ್ನು ಇನ್ನೊಮ್ಮೆ ತೂಗಿಕೊಟ್ಟರೂ ಸಾಕು.

ಸುಮ್ಮನಿರುವುದರಲ್ಲಿ ತಮ್ಮನ್ನು ಮೀರಿಸಿದವರು ಇಲ್ಲವೆಂದುಕೊಂಡಿದ್ದೆ. ನಿನ್ನೆ ತಕ್ಕಡಿಯ ಮುಂದೆ ಕೂತು, ಹೇಗೆ ಹೇಳುವುದೆಂದು ತಿಳಿಯದೆ, ಚೈತ್ರಳನ್ನು ಕರೆದು ಲಂಗವನ್ನು ತೋರಿಸಿದೆ. ಅವಳು ಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲೇ ನಿಂತಳು. "ನಂಗೊತ್ತಿತ್ತು ಅತ್ತೆ," ಎಂದಳು. "ನೇಯ್ದೋಳು ನಾನಲ್ವಾ. ಕೆಂಪು ಗುಂಡು ಹಾಕುದ್ ದಿವ್ಸವೇ ಗೊತ್ತಾಯ್ತು." ಮತ್ತೆ ಯಾಕೆ ಹೇಳಲಿಲ್ಲವೆಂದು ಕೇಳಿದೆ. "ಯಾರ್‌ಗೇಳ್ಳಿ? ನಾನ್ ಬಾಯ್ಬುಟ್ರೆ ಅವ್ವನ್ ಕಡೆ ಸೇರ್ಕಂಡ್ಳು ಅಂತ ನೀವ್ ಅಂತಿದ್ರಿ. ಅತ್ತೆ ಕಡೆ ಸೇರ್ಕಂಡ್ಳು ಅಂತ ಅವ್ವ ಅಂತಿದ್ಳು. ಟೀಚರ್ ಕಡೆ ಅಂದ್ರೆ ಇಬ್ರೂ ಅಂತಿದ್ರಿ. ನೀವ್ ಯಾರೂ ನನ್ನ ಒಂದ್ ಮಾತು ಕೇಳ್ನಿಲ್ವಲ್ಲ ಅತ್ತೆ."

ಕೇಳಿರಲಿಲ್ಲ. ಕೂಸಿಗೆ ಏನು ಕೊಡೋಣವೆಂದು ಹಾಲು ಹಾಕುವವನನ್ನು ಕೇಳಿದ್ದೆ, ಹನೂರಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಗುರುತಿಲ್ಲದ ಹೆಂಗಸನ್ನು ಕೇಳಿದ್ದೆ. ಹೆತ್ತವಳನ್ನು ಕೇಳಿರಲಿಲ್ಲ. ಅವಳು ಹನ್ನೆರಡು ದಿನ ಮಗ್ಗ ಬಿಟ್ಟು, ಸತ್ಯವನ್ನು ಸೆರಗಿನಲ್ಲಿ ಕಟ್ಟಿಕೊಂಡು, ನಮಗೆಲ್ಲ ಕಾಫಿ ಮಾಡಿ ಕೊಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಇದನ್ನು ಬರೆಯಲು ಇಷ್ಟು ಸುತ್ತಿ ಬಳಸಿ ಬಂದದ್ದು ಅದಕ್ಕೇ.

ಆದ್ದರಿಂದ ಮಾನ್ಯರೇ, ಈ ಪತ್ರವನ್ನು ತಮ್ಮ ಕೊಕ್ಕೆಯ ಕೆಳಗೇ ಅಂಟಿಸುತ್ತಿದ್ದೇನೆ. ಯಶೋದ ಅವರ ಮುಖ ನೋಡಿ ಹೇಳಲು ನನಗೆ ನಾಲಿಗೆ ಹೊರಳುತ್ತಿಲ್ಲ. ಅವರು ಓದಿ, ಸೇರಿದ ದಿನದ ತೂಕದಲ್ಲಿ ಮುನ್ನೂರೈವತ್ತು ಗ್ರಾಂ ಕಳೆದು, ಆ ಕೆಂಪು ಗುಂಡನ್ನು ಹೊಡೆದುಹಾಕಲಿ. ತಪ್ಪು ಅವರದಲ್ಲ, ಪ್ಯಾಕೆಟ್ಟಿನದಲ್ಲ, ಬೀಗಿತ್ತಿಯವರ ಅನ್ನದ್ದೂ ಅಲ್ಲವೆಂದು ಬೀದಿಯವರೆಲ್ಲ ಓದಲಿ. ನಾಳಿದ್ದು ಸೋಮವಾರ, ಹದಿನಾಲ್ಕನೇ ದಿನ, ಇಂಚರ ಬರುತ್ತಾಳೆ. ಚೈತ್ರ ಇವತ್ತೇ ಬೆಡ್‌ಶೀಟ್ ತೆಗೆದು ಒಗೆಯಲು ಹಾಕಿದ್ದಾಳೆ.

ತಮ್ಮ ಮುಳ್ಳಿಗೆ ಹೆದರುವ, ಜೋಲಿಗೆ ಋಣಿಯಾದ,
ಇಷ್ಟಾದರೂ ತಮ್ಮ ವಿಶ್ವಾಸಿ,
ಮಹಾಲಕ್ಷ್ಮಮ್ಮ

ಬರೆಯಲು ಮರೆತದ್ದು: ಕೂಸು ಏನು ತಿನ್ನಬೇಕೆಂಬುದನ್ನು ಇನ್ನು ಮುಂದೆ ಚೈತ್ರಳೇ ಹೇಳುವುದೆಂದು ಒಪ್ಪಿದ್ದೇನೆ. ಅವಳು ಕೇಂದ್ರದಲ್ಲಿ ಪ್ಯಾಕೆಟ್ಟಿನ ಹಿಟ್ಟು, ಮನೆಯಲ್ಲಿ ಸರಿ, ಯಳಂದೂರಿಗೆ ಹೋದಾಗ ಅನ್ನ ಎಂದಿದ್ದಾಳೆ. ಇದನ್ನು ತಿಳಿಸಲು ಬೀಗಿತ್ತಿಯವರಿಗೆ ಫೋನು ಮಾಡಿದೆ. ಮಕ್ಕಳ ಮದುವೆಯಾದಾಗಿನಿಂದ ಎಣ್ಣೆ ಸೀಗೇಕಾಯಿಯಂತಿದ್ದ ನಾವಿಬ್ಬರೂ ಅರ್ಧ ಗಂಟೆ ಮಾತಾಡಿ, ಮೊಟ್ಟಮೊದಲ ಬಾರಿಗೆ ಒಮ್ಮತಕ್ಕೆ ಬಂದೆವು: ಹುಡುಗಿಗೆ ಏನೇನೂ ಗೊತ್ತಿಲ್ಲ. ಇದನ್ನು ಅವಳಿಗೆ ಯಾರೂ ಹೇಳಕೂಡದೆಂದೂ ತೀರ್ಮಾನವಾಗಿದೆ. ತಾವೂ ಹೇಳಬೇಡಿ, ಸುಮ್ಮನಿರುವುದು ತಮಗೆ ಚೆನ್ನಾಗಿ ಬರುತ್ತದೆ, ನಾನು ಈಗಷ್ಟೇ ಕಲಿಯುತ್ತಿದ್ದೇನೆ.