ಚಂದ್ರದಂಡದ ವಿಲೇವಾರಿ

ಆನ್‌ಲೈನ್ ಆಟಗಳಲ್ಲಿ ಹತ್ತಾರು ಜನ ಸೇರಿ ಹೊಡೆದ ಕೊಳ್ಳೆಯನ್ನು ಒಬ್ಬರೇ ನುಂಗಿ ನೀರು ಕುಡಿಯುವುದರಿಂದ ಸಾರ್ವಜನಿಕ ನೆಮ್ಮದಿಗೆ ಭಂಗ ಬರುತ್ತಿದೆಯೆಂದು ಮನಗಂಡ ಸರ್ಕಾರವು, ಸದರಿ ತಕರಾರುಗಳ ಶೀಘ್ರ ಪರಿಹಾರಕ್ಕಾಗಿ ಕೊಳ್ಳೆ ಹಂಚಿಕೆ ನ್ಯಾಯ ಕಚೇರಿಯನ್ನು ತೂಕ ಮತ್ತು ಅಳತೆ ಇಲಾಖೆಯ ಮಹಡಿಯ ಮೇಲೆ ಸ್ಥಾಪಿಸಿತು. ಕೊಳ್ಳೆ ಹೊಡೆಯುವುದು ಸರಿಯೋ ತಪ್ಪೋ ಎಂಬ ಪ್ರಶ್ನೆ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲವೆಂದು ಬಾಗಿಲಲ್ಲೇ ಫಲಕ ಹಾಕಲಾಗಿತ್ತು. ಹಂಚಿಕೆ ಮಾತ್ರ ಬರುತ್ತಿತ್ತು.

ಆ ಬಾಗಿಲಿಗೆ ಮೊಟ್ಟಮೊದಲು ಬಂದವಳು ದರ್ಜಿ ಅಕ್ಕ. ಹಗಲೆಲ್ಲ ಅಂಗಡಿಯಲ್ಲಿ ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುವ ಈಕೆ ಸಂಜೆ ಮನೆಗೆ ಬಂದು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಒಂದು ಆಟದೊಳಗೆ ವೈದ್ಯೆಯಾಗುತ್ತಿದ್ದಳು. ತಂಡದವರು ಕತ್ತಿ ಹಿಡಿದು ಮುಂದೆ ನುಗ್ಗಬೇಕು, ಇವಳು ಹಿಂದೆ ನಿಂತು ಅವರ ಗಾಯ ಮಾಯಿಸಬೇಕು. ಯಾರಾದರೂ ಸತ್ತರೆ ತಪ್ಪು ವೈದ್ಯೆಯದು, ಬದುಕಿದರೆ ಶೌರ್ಯ ಅವರದು. ಮನೆಯಲ್ಲೂ ಹೆಚ್ಚುಕಡಿಮೆ ಇದೇ ಏರ್ಪಾಡು ಇದ್ದುದರಿಂದ ಅವಳಿಗೆ ಇದೇನೂ ಹೊಸದೆನಿಸಿರಲಿಲ್ಲ.

ಆದರೆ ಚಂದ್ರದಂಡದ ವಿಷಯದಲ್ಲಿ ಅವಳ ಹೊಟ್ಟೆ ಉರಿದುಹೋಯಿತು. ಆಟದಲ್ಲಿ ಘಟಸರ್ಪವನ್ನು ಕೊಂದಾಗ ಅಪರೂಪಕ್ಕೆ ಉದುರುವ ಈ ಕೋಲು ವೈದ್ಯರ ಕೈಯಲ್ಲಲ್ಲದೆ ಬೇರೆ ಯಾರ ಕೈಯಲ್ಲೂ ಕೆಲಸ ಮಾಡದು. ವರ್ಷಗಟ್ಟಲೆ ಅವಳು ಅದಕ್ಕಾಗಿ ಕಾದಿದ್ದಳು. ಕೊನೆಗೊಂದು ದಿನ ಅದು ಉದುರಿದ್ದೇ ತಡ, ತಂಡದ ನಾಯಕ ಅದನ್ನೆತ್ತಿಕೊಂಡು ಆಟದೊಳಗಿನ ತನ್ನ ಮನೆಯ ಗೋಡೆಗೆ ನೇತುಹಾಕಿದ. ನಾಯಕನೆಂದರೆ ಹೊರಗಿನವನಲ್ಲ, ಅವಳ ಸ್ವಂತ ಮೈದುನ, ಮೊಬೈಲ್ ರಿಪೇರಿಯವನು.

“ನಿಂಗ್ಯಾಕೋ ಅದು? ನೀನು ಕತ್ತಿ ಹಿಡಿಯೋನು,” ಎಂದು ಅಕ್ಕ ಕೇಳಿದಳು.

“ಸೋಫಾ ಮೇಲ್ಗಡೆ ಗೋಡೆ ಬೋಳು ಬೋಳಾಗಿತ್ತು ಅತ್ತಿಗೆ. ಈಗ ನೋಡಿ, ಎಷ್ಟು ಲಕ್ಷಣವಾಗಿದೆ,” ಎಂದ.

ಗಂಡನಿಗೆ ಹೇಳಿದರೆ ಅವನು, “ಅಣ್ಣ ತಮ್ಮಂದಿರ ಮಧ್ಯೆ ತಂದಿಡಬೇಡ,” ಎಂದು ಮಗ್ಗುಲು ಬದಲಿಸಿದ. ಹೀಗಾಗಿ ಅವಳು ಸರ್ಕಾರದ ಮೊರೆಹೋದಳು.

ಕಚೇರಿಯ ಗುಮಾಸ್ತ ಅರ್ಜಿಯನ್ನು ಹಿಂದುಮುಂದು ತಿರುಗಿಸಿ ನೋಡಿದ. “ಇದು ಮೃತರ ಆಸ್ತಿ ಮೇಡಂ. ಮರಣ ಪ್ರಮಾಣಪತ್ರ ಲಗತ್ತಿಸಿಲ್ಲ.”

“ಯಾರ ಮರಣ?”

“ಘಟಸರ್ಪದವರದು.”

“ಅದು ಪ್ರತಿ ಬುಧವಾರ ಮತ್ತೆ ಹುಟ್ಟತ್ತೆ ಸಾರ್. ಆಟ ಇರೋದೇ ಹಾಗೆ.”

ಗುಮಾಸ್ತ ಪೆನ್ನಿನ ತುದಿ ಕಚ್ಚಿ ಯೋಚಿಸಿದ. “ಹಾಗಾದ್ರೆ ಅವರು ಬದುಕಿದ್ದಾರೆ ಅನ್ನೋದಕ್ಕೆ ಒಂದು ದೃಢೀಕರಣ ತನ್ನಿ. ಬುಧವಾರವೇ ಮಾಡಿಸ್ಕೊಂಡುಬಿಡಿ.”

ಅಕ್ಕ ಬೆಂಕಿಯುಗುಳುವ ಘಟಸರ್ಪದ ಚಿತ್ರ ತೆಗೆದು, ಮೊಹರು ಹಾಕಿಸಿ ತಂದಳು. ಬಾಯಿ ಮುಚ್ಚಿರುವ ಫೋಟೋ ಆಗಬೇಕಿತ್ತು ಎಂದು ಗೊಣಗುತ್ತಲೇ ಗುಮಾಸ್ತ ಅದನ್ನು ಒಳಗೆ ಕಳಿಸಿದ.

ಒಳಗಿದ್ದ ವಿಚಾರಣಾಧಿಕಾರಿ ತಕ್ಕಡಿ ತಪಾಸಣೆಯಲ್ಲೇ ಕೂದಲು ಹಣ್ಣು ಮಾಡಿಕೊಂಡವರು. ಯಾವ ವಸ್ತುವನ್ನೇ ಆಗಲಿ ತಾವೇ ಕೈಯಲ್ಲಿ ಹಿಡಿದು ಪರೀಕ್ಷಿಸದೆ ಆದೇಶ ಬರೆದವರಲ್ಲ. ಒಮ್ಮೆ ಒಂದು ಅಂಗಡಿಯಲ್ಲಿ ಮೋಸದ ತಕ್ಕಡಿಯನ್ನು ಗೋಡೆಯಿಂದ ಕೀಳಲು ಬಾರದಿದ್ದಾಗ, ಗೋಡೆಯ ಸಮೇತ ಜಪ್ತಿ ಮಾಡಿದ ಕೀರ್ತಿ ಅವರದು. ಆ ಅಂಗಡಿಯವನು ಇಂದಿಗೂ ಪರದೆ ಕಟ್ಟಿಕೊಂಡೇ ವ್ಯಾಪಾರ ಮಾಡುತ್ತಿದ್ದಾನೆ.

“ಮುದ್ದೆಮಾಲು ನನ್ನ ವಶಕ್ಕೆ ಬರಲಿ,” ಎಂದರು ಅಧಿಕಾರಿ. ಕಚೇರಿ ಭಾಷೆಯಲ್ಲಿ ತಕರಾರಿನ ವಸ್ತುವಿಗೆ ಹಾಗೆನ್ನುತ್ತಾರೆ.

ಚಂದ್ರದಂಡವನ್ನು ವಶಕ್ಕೆ ಪಡೆದು ಪರೀಕ್ಷಿಸಬೇಕಾದರೆ ಆಟದೊಳಗೆ ಹೋಗಬೇಕು, ಅದೂ ನುರಿತ ವೈದ್ಯರಾಗಿ ಹೋಗಬೇಕು. ಅಧಿಕಾರಿ ಕರ್ತವ್ಯಕ್ಕೆ ಹಿಂಜರಿಯಲಿಲ್ಲ. ಬಾಗಿಲಿಗೆ ‘ಅಧಿಕಾರಿಗಳು ಸ್ಥಳ ತನಿಖೆಯಲ್ಲಿದ್ದಾರೆ’ ಎಂಬ ಫಲಕ ತೂಗಿತು. ಚಳಿಗಾಲ ಕಳೆದು ಬೇಸಿಗೆ ಬಂದರೂ ಅದು ತೂಗುತ್ತಲೇ ಇತ್ತು. ನುರಿತವರಾಗಲು ಆಟದೊಳಗೆ ಅವರು ಇಲಿ ಹೊಡೆದರು, ತೋಳ ಹೊಡೆದರು, ಗಿಡಮೂಲಿಕೆ ಕಿತ್ತರು, ಕಾಡಿನಲ್ಲಿ ನಡೆದಷ್ಟು ದೂರಕ್ಕೂ ನಿಯಮಾನುಸಾರ ಪ್ರಯಾಣ ಭತ್ಯೆ ಪಡೆದರು. ಅಕ್ಕ ವಾರಕ್ಕೊಮ್ಮೆ ಬಂದು ಬೆಂಚಿನ ಮೇಲೆ ಕೂತು ಹೋಗುತ್ತಿದ್ದಳು. “ನಿಮ್ಮ ಕೇಸಿಗಾಗಿ ಸಾಹೇಬರು ಊಟ ಬಿಟ್ಟಿದ್ದಾರೆ ಮೇಡಂ,” ಎಂದು ಗುಮಾಸ್ತ ಹೇಳಿದಾಗ ಅವಳಿಗೆ ಕಣ್ಣು ತುಂಬಿಬಂತು. ತನಗಾಗಿ ಯಾರಾದರೂ ಏನಾದರೂ ಬಿಟ್ಟದ್ದು ಅವಳ ಬದುಕಿನಲ್ಲಿ ಅದೇ ಮೊದಲು.

ಅಂತೂ ವಿಚಾರಣೆಯ ದಿನ ಬಂತು. ನೋಟಿಸಿಗೆ ಹೆದರಿದ ಮೈದುನ ಆಟದೊಳಗೆ ದಂಡವನ್ನು ಗೋಡೆಯಿಂದಿಳಿಸಿ ಅಧಿಕಾರಿಗೆ ಒಪ್ಪಿಸಿದ. ಅಧಿಕಾರಿ ಅದರ ಉದ್ದ, ಬಣ್ಣ, ಹೊಳಪು ಎಲ್ಲವನ್ನೂ ಬರೆಸಿ, “ಈಗ ಧರಿಸಿ ಪರೀಕ್ಷಿಸೋಣ,” ಎಂದರು.

ಅಕ್ಕ ಕುರ್ಚಿ ಬಿಟ್ಟು ಎದ್ದಳು. “ಅಯ್ಯೋ ಸಾರ್, ಧರಿಸಬೇಡಿ! ಒಂದ್ಸಲ ಧರಿಸಿದ್ರೆ ಧರಿಸಿದೋರಿಗೇ ಅಂಟ್ಕೊಂಡುಬಿಡತ್ತೆ. ಆಮೇಲೆ ಇನ್ನೊಬ್ಬರಿಗೆ ಕೊಡೋಕಾಗಲ್ಲ!”

“ಪರೀಕ್ಷೆ ಮಾಡದೆ ಮೊಹರು ಹಾಕೋ ಮನುಷ್ಯ ನಾನಲ್ಲಮ್ಮ,” ಎಂದು ಅಧಿಕಾರಿ ಗುಂಡಿ ಒತ್ತಿದರು.

ಪರದೆಯ ಮೇಲೆ ‘ಈ ವಸ್ತು ಇನ್ನು ಶಾಶ್ವತವಾಗಿ ನಿಮ್ಮದು, ಅಭಿನಂದನೆಗಳು’ ಎಂದು ಮೂಡಿತು. ಸೌಜನ್ಯಕ್ಕಾಗಿ ಗುಮಾಸ್ತ ಚಪ್ಪಾಳೆ ತಟ್ಟಿದ. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

ಆಟದ ಕಂಪನಿ, ದಂಡವನ್ನೂ ಧರಿಸಿದವರನ್ನೂ ಬೇರ್ಪಡಿಸಲು ತನ್ನಿಂದ ಸಾಧ್ಯವಿಲ್ಲವೆಂದು ಉತ್ತರ ಬರೆಯಿತು. ಕಚೇರಿ ಕಂಗೆಡಲಿಲ್ಲ. ಕೀಳಲು ಬಾರದ್ದನ್ನು ಅಂಟಿಕೊಂಡದ್ದರ ಸಮೇತ ಜಪ್ತಿ ಮಾಡಬೇಕೆಂಬ ಗೋಡೆಯ ಪೂರ್ವನಿದರ್ಶನ ಇದ್ದೇ ಇತ್ತು. ಅದರನ್ವಯ ಅಧಿಕಾರಿಯೂ ಮುದ್ದೆಮಾಲೆಂದು ಘೋಷಿತರಾದರು. ಗುಮಾಸ್ತ ಅವರ ಮಣಿಕಟ್ಟಿಗೆ ಚೀಟಿ ಕಟ್ಟಿ, ಅರಗಿನ ಮೊಹರು ಒತ್ತಿ, ಉಗ್ರಾಣದಲ್ಲಿ ಮುರಿದ ತಕ್ಕಡಿಗಳ ಪಕ್ಕ ಕೂರಿಸಿದ. ಅರಗು ಸ್ವಲ್ಪ ಬಿಸಿಯಾಗಿತ್ತು, ಆದರೂ ಕ್ರಮ ಸರಿಯಾಗಿ ಪಾಲನೆಯಾಯಿತೆಂದು ಅಧಿಕಾರಿಗೆ ಸಮಾಧಾನವೇ ಆಯಿತು.

ಆದೇಶ ಹೊರಡಿಸಲು ಬೇರೆ ಅಧಿಕಾರಿ ಇಲ್ಲದ್ದರಿಂದ ಮುದ್ದೆಮಾಲೇ ಅದನ್ನು ಓದಿತು:

“ಚಂದ್ರದಂಡವು ವೈದ್ಯೆಗೇ ಸಲ್ಲತಕ್ಕದ್ದು. ಎದುರುದಾರನು ಅದನ್ನು ಗೋಡೆಗೆ ನೇತುಹಾಕಿದ್ದು ಘೋರ ಅನ್ಯಾಯ. ಆದಕಾರಣ ಸದರಿ ದಂಡವನ್ನು, ಅದು ಎಲ್ಲಿ ಹೇಗೆ ಅಂಟಿಕೊಂಡಿದೆಯೋ ಹಾಗೆಯೇ, ಫಿರ್ಯಾದುದಾರಳ ಮನೆಗೆ ತಲುಪಿಸತಕ್ಕದ್ದು.”

ಅಧಿಕಾರಿಯ ಹೆಂಡತಿಯ ನಿರಾಕ್ಷೇಪಣಾ ಪತ್ರ ಬೇಕಾಯಿತು. ಆಕೆ ಎರಡು ಸಲ ಓದಿ, “ವಾಪಸ್ ಕಳಿಸೋ ಪ್ರಶ್ನೆ ಇಲ್ಲ ತಾನೇ?” ಎಂದು ಖಾತ್ರಿ ಮಾಡಿಕೊಂಡು ಸಹಿ ಹಾಕಿದರು.

ಹೀಗೆ ಅಧಿಕಾರಿ ಹಾಸಿಗೆ ಸಮೇತ ಅಕ್ಕನ ಮನೆಗೆ ಬಂದಿಳಿದರು. ಮೈದುನ ಮೊಬೈಲಿನಲ್ಲೇ ಆಡುವವನು, ಅದು ಬಿಟ್ಟರೆ ಮನೆಯಲ್ಲಿದ್ದದ್ದು ಅಕ್ಕ ಆಡುವ ಒಂದೇ ಕಂಪ್ಯೂಟರ್. ದಂಡ ಇರುವವರೇ ವೈದ್ಯರಾಗಬೇಕಾದ್ದು ನ್ಯಾಯ ಎಂದು ಮೈದುನ ಹೇಳಿದ, ಮೊದಲ ಬಾರಿಗೆ ಅವನ ಬಾಯಲ್ಲಿ ನ್ಯಾಯದ ಮಾತು ಬಂದದ್ದಕ್ಕೆ ಗಂಡನೂ ಹೆಮ್ಮೆಪಟ್ಟ. ಅಕ್ಕನ ಕುರ್ಚಿಯಲ್ಲಿ ಅಧಿಕಾರಿ ಕೂತರು.

ಕಡತ ಮುಗಿಸಲು ಒಂದು ಸಂಜೆ ಗುಮಾಸ್ತ ಬಂದಾಗ ಒಳಗೆ ಕಾಳಗ ನಡೆದಿತ್ತು. “ಏನ್ ಕೈಗುಣ ಸಾರ್ ನಿಮ್ದು! ನೀವು ಹಿಂದೆ ನಿಂತ್ಕೊಂಡು ಗಾಯ ಮಾಯಿಸದೇ ಇದ್ದಿದ್ರೆ ಇವತ್ತು ನಾವ್ಯಾರೂ ಉಳೀತಿರ್ಲಿಲ್ಲ!” ಎಂದು ಮೈದುನ ಹಾಡಿ ಹೊಗಳುತ್ತಿದ್ದ. ಅಕ್ಕ ಬಾಗಿಲಲ್ಲಿ ನಿಂತು ಆ ಮಾತನ್ನು ಪೂರ್ತಿ ಕೇಳಿದಳು.

“ಮುದ್ದೆಮಾಲು ಸುಸ್ಥಿತಿಯಲ್ಲಿದೆಯಾ ಮೇಡಂ?”

“ಇದೆ. ಹೊಟ್ಟೆ ಸ್ವಲ್ಪ ಬಂದಿದೆ.”

“ನ್ಯಾಯ ಸಿಕ್ಕಿದೆ, ತೃಪ್ತಿಯಾಗಿದೆ ಅಂತ ಬರೀಲಾ?”

“ಬರ್ಕೊಳ್ಳಿ,” ಎಂದು ಅಕ್ಕ ಸಹಿ ಹಾಕಿದಳು. ಒಳಗಿನಿಂದ ನ್ಯಾಯ ಎರಡನೇ ಸಲ ಟೀ ಕೇಳುತ್ತಿತ್ತು. ಅವಳು ಒಲೆ ಹಚ್ಚಲು ಹೋದಳು.